ಅಕ್ಕಿ ಹೊಲ

ಮಾಗಡಿ ಸೀಮೆಯ ನಾಲಿಗೆಗೂ 'ಹ' ಅಕ್ಷರಕ್ಕೂ ಯಾವ ಕಾಲದ ಹಗೆಯೋ ಗೊತ್ತಿಲ್ಲ. ಇಲ್ಲಿ ಹಾಲು ಕರೆಯುವುದಿಲ್ಲ, ಆಲು ಕರೆಯುತ್ತಾರೆ. ಹೊಲ ಉಳುವುದಿಲ್ಲ, ಒಲ ಉಳುತ್ತಾರೆ. ಅದರಿಂದ ಯಾರ ಗಂಟೂ ಹೋಗುವುದಿಲ್ಲ, ನಿಜ. ಆದರೆ ಹಕ್ಕಿಯೂ ಅಕ್ಕಿಯಾಗಿಬಿಟ್ಟಾಗ ಮಾತ್ರ ಒಮ್ಮೊಮ್ಮೆ ಪೇಚಿಗೆ ಬರುತ್ತದೆ. ಗುಡೇಮಾರನಹಳ್ಳಿಯ ಶಿವಲಿಂಗಮ್ಮನಿಗೆ ಆದದ್ದು ಅದೇ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಅವಳು, "ಬಂಡೆ ಮಗ್ಗುಲಾಗೆ ಜಾಗ ಸುಮ್ನೆ ಬಿದ್ದೈತಲ್ಲ, ಅಲ್ಲಿ ಈ ಸಲ ಅಕ್ಕಿಗೆ ಅಂತ ಒಂದು ಒಲ ಮಾಡ್ತೀನಿ" ಎಂದಳು.

ಅವಳ ಹಿಂದೆಯೇ ಮೈದುನ ಕೆಂಪರಾಜು ನಿಂತಿದ್ದ. ಅತ್ತಿಗೆ ಹೇಳಿದ್ದು ಯಾವ ಅಕ್ಕಿ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಳ್ಳುವ ಆಸಾಮಿಯಲ್ಲ ಅವನು.

"ಕೇಳ್ರಪ್ಪಾ, ನಮ್ಮತ್ಗೆ ಬಂಡೆ ಮೇಲೆ ಅಕ್ಕಿ ಬಿತ್ತುತಾಳಂತೆ! ಮುದ್ದೆ ಬುಟ್ಟು ಅನ್ನ ಉಣ್ಣೋ ಯೋಚ್ನೆ!"

ಡೈರಿಗೆ ಡೈರಿಯೇ ನಕ್ಕಿತು. ಭತ್ತ ಬಿತ್ತಿದರೆ ಮೊಳೆತೀತು, ಅಕ್ಕಿ ಬಿತ್ತಿದರೆ ಮೊಳೆಯುವುದುಂಟೇ? ಅವಳು ಖಾಲಿ ಕ್ಯಾನು ಹಿಡಿದು ಮನೆ ಸೇರುವಷ್ಟರಲ್ಲಿ 'ಅಕ್ಕಿ ಬಿತ್ತೋ ಶಿವಲಿಂಗಮ್ಮ' ಎಂಬ ಹೆಸರು ಅವಳಿಗಿಂತ ಮುಂಚೆ ಬೀದಿಯೆಲ್ಲ ಸುತ್ತಿ ಬಂದಿತ್ತು. ಐವತ್ತು ದಾಟಿದ ಶಿವಲಿಂಗಮ್ಮ ಒಂದು ಮಾತಿಗೆ ಎರಡು ಮಾತು ಸಿದ್ಧವಾಗಿ ಇಟ್ಟುಕೊಂಡಿರುವ ಹೆಂಗಸು. ಆವತ್ತು ಮಾತ್ರ ಹಲ್ಲು ಕಚ್ಚಿಕೊಂಡಳು. ಮುದ್ದೆಯ ವಿಷಯ ಅವಳ ಪಾಲಿಗೆ ನಗುವ ಮಾತಾಗಿರಲಿಲ್ಲ.

ಹಿಂದಿನ ವರ್ಷ ಹೀಗಾಗಿತ್ತು. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಬಂಡೆ ಕಡೆಯಿಂದ ನವಿಲಿನ ಹಿಂಡು ಇಳಿದು ಒಂದು ಮಗ್ಗುಲಿನ ಪೈರನ್ನೆಲ್ಲ ಜಾಲಾಡಿಬಿಟ್ಟಿತು. ಕೆಂಪರಾಜು ಪೇಟೆಯಿಂದ ನೈಲಾನ್ ಬಲೆ ತಂದು ಆ ಅಂಚಿನುದ್ದಕ್ಕೂ ಕಟ್ಟಿದ. ಅವನೇನೂ ಕಟುಕನಲ್ಲ, ಬಲೆ ಕಂಡರೆ ಹಕ್ಕಿ ಹಿಂದಿರುಗುತ್ತದೆ ಎಂದುಕೊಂಡಿದ್ದ. ಮಾರನೆಯ ಬೆಳಿಗ್ಗೆ ಹುಲ್ಲಿಗೆ ಹೋದ ಶಿವಲಿಂಗಮ್ಮನ ಕಣ್ಣಿಗೆ ಬಿದ್ದದ್ದು ಬಲೆಯಲ್ಲಿ ಕತ್ತು ರೆಕ್ಕೆ ಎಲ್ಲ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದ ಹೆಣ್ಣು ನವಿಲು. ಅವಳು ಅದನ್ನು ಮಡಿಲಿಗೆಳೆದುಕೊಂಡು ಕುಡುಗೋಲಿನಿಂದ ಒಂದೊಂದೇ ಎಳೆ ಕುಯ್ದಳು. ಎಳೆ ಮುಗಿಯುವ ಮೊದಲೇ ಜೀವ ಮುಗಿಯಿತು. ಬದುವಿನಾಚೆ ಅದರ ಮರಿಗಳು ಕೀಚುಗುಟ್ಟುತ್ತ ಅತ್ತಿಂದಿತ್ತ ಓಡುತ್ತಿದ್ದವು.

ಶಿವಲಿಂಗಮ್ಮ ಅಲ್ಲೇ ಕೂತು ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. ಅದನ್ನು ಹೊತ್ತುಕೊಂಡೇ ಮನೆಗೆ ಬಂದು ಹಜಾರದ ನಡುವೆ ನಿಂತು ಹೇಳಿಬಿಟ್ಟಳು: "ಆ ಒಲಕ್ಕೆ ಇನ್ನೊಂದು ಸಲ ಬಲೆ ಕಟ್ಟಿದ್ರೆ, ಅಲ್ಲಿ ಬೆಳೆದ ರಾಗಿ ಮುದ್ದೆ ನಾನು ಮುಟ್ಟಾಕಿಲ್ಲ. ಸಾಯೋಗಂಟ ಮುಟ್ಟಾಕಿಲ್ಲ."

ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಎಂಥ ಮಾತೆಂದು ಬಿಡಿಸಿ ಹೇಳಬೇಕಿಲ್ಲ. ಮುದ್ದೆ ಬಿಡುವುದೆಂದರೆ ಮನೆಯ ಒಲೆಯಿಂದಲೇ ದೂರವಾದಂತೆ. ಕೆಂಪರಾಜುವಿನ ಮುಖವೂ ಇಳಿಯಿತು.

"ನಂಗೂ ಕರುಳೈತೆ ಕಣತ್ಗೆ. ಆದ್ರೆ ತೆನೆ ಬಂದ ರಾಗಿನ ನವ್ಲಿಗೆ ಬುಟ್ಟು ನಾವೇನು ಬಂಡೆ ನೆಕ್ಕಾನ? ಸರಿ, ಮುಂದಿನ ವರ್ಸ ಮೊದ್ಲೇ ಕಟ್ಟಾಕಿಲ್ಲ. ಏನಾದ್ರೂ ಉಪಾಯ ಇದ್ರೆ ನೀನೇ ಮಾಡು. ನವ್ಲು ರಾಗಿಗೆ ಬಾಯಾಕ್ತು ಅಂದ್ರೆ ಆವತ್ತೇ ಬಲೆ ಕಟ್ತೀನಿ. ಆಮೇಲೆ ನೀನು ಮುದ್ದೆ ಬುಡ್ತೀಯೋ ಅಟ್ಟಿ ಬುಡ್ತೀಯೋ, ನನ್ನ ಕೇಳ್ಬ್ಯಾಡ."

ಅವಳ ಉಪಾಯ ಇಷ್ಟೇ. ರಾಗಿ ಹೊಲಕ್ಕೂ ನವಿಲು ಕೂರುವ ಬಂಡೆಗೂ ನಡುವೆ ಲಾಂಟಾನ ಮುಳ್ಳು ಮುಚ್ಚಿದ ಒಂದು ತುಂಡು ಜಾಗವಿತ್ತು. ಹಕ್ಕಿ ಹಸಿದು ಬರುತ್ತದೆ. ದಾರಿಯಲ್ಲೇ ಹೊಟ್ಟೆ ತುಂಬಿದರೆ ಮುಂದಕ್ಕೆ ಯಾಕೆ ಬರಬೇಕು? ಅದಕ್ಕೇ ಆ ತುಂಡನ್ನು ಹಕ್ಕಿಗೆಂದೇ ಬಿತ್ತಿ ಬಿಡಬೇಕು, ರಾಗಿ ತೆನೆ ಬಲಿಯುವುದಕ್ಕೆ ಮುಂಚೆ ಅಲ್ಲಿ ಕಾಳು ಬಲಿಯಬೇಕು.

ಅವಳ ಗಂಡ ಚೆಲುವಯ್ಯ ಮಾತಿಗಿಂತ ಎಲೆಅಡಿಕೆಯನ್ನು ಹೆಚ್ಚು ನಂಬಿದವನು. ಇದನ್ನೆಲ್ಲ ಕೇಳಿ, "ಊಂ" ಎಂದು ಮಚ್ಚು ಹೆಗಲಿಗಿಟ್ಟುಕೊಂಡು ಹೊರಟ. ಗಂಡ ಹೆಂಡತಿ ಸೇರಿ ಲಾಂಟಾನ ಬುಡಸಮೇತ ಕಿತ್ತರು. ಕಲ್ಲು ಆಯ್ದು ಅಂಚಿಗೆ ಪೇರಿಸಿದರು. ನಡುವೆ ಒಂದು ಹೊಂಗೆಮರವಿತ್ತು. ಅದನ್ನು ನೆರಳಿಗೆಂದು ಉಳಿಸಿದರು. ಕೊಟ್ಟಿಗೆ ಗೊಬ್ಬರವನ್ನು ಮಂಕರಿಯಲ್ಲಿ ಹೊತ್ತು ಚೆಲ್ಲಿದರು. ಮೈಕೈಯೆಲ್ಲ ಗೀರು ಬಿದ್ದು ಉರಿಯಿತಾದರೂ ಶಿವಲಿಂಗಮ್ಮನಿಗೆ ಒಳಗೊಳಗೇ ಖುಷಿ. ಮದುವೆಮನೆಗೆ ಚಪ್ಪರ ಹಾಕುವಾಗ ಇರುತ್ತದಲ್ಲ, ಅಂಥದ್ದು.

ಇನ್ನು ಉಳುಮೆ. ಕೆಂಪರಾಜು ಎತ್ತು ಕೊಡಲಿಲ್ಲ; ಕಲ್ಲುನೆಲದಲ್ಲಿ ಕಾಲು ಮುರಿಯುತ್ತದೆ ಎಂದ. ಅದೂ ಸುಳ್ಳಲ್ಲ. ಅವಳು ಮಾಗಡಿ ಪೇಟೆಯಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ಖಲಂದರನಿಗೆ ಫೋನು ಮಾಡಿದಳು.

"ಕಲಂದರಣ್ಣ, ಅಕ್ಕಿ ಒಲ ಒಂದು ಐತೆ, ಉಳ್ಬೇಕು. ಬತ್ತೀಯಾ?"

"ಬರ್ತೀನಕ್ಕ, ನಾಳೇನೇ" ಎಂದ ಖಲಂದರ್.

ಮಾರನೆಯ ದಿನ ಟ್ರ್ಯಾಕ್ಟರ್ ಬಂತು. ಹಿಂದಿನ ಟ್ರೈಲರಿನಲ್ಲಿ ಕೆಸರುಗದ್ದೆ ತುಳಿಸುವ ದೊಡ್ಡ ಕಬ್ಬಿಣದ ಚಕ್ರಗಳು ಗಣಗಣ ಎನ್ನುತ್ತಿದ್ದವು. ಖಲಂದರ್ ಇಳಿದು ಪ್ಯಾಂಟು ಮೊಳಕಾಲಿಗೆ ಮಡಚಿಕೊಂಡು ಸುತ್ತಲೂ ನೋಡಿದ. ಬಂಡೆ, ಕಲ್ಲು, ಧೂಳು. ಒಂದು ಚೊಂಬು ನೀರೂ ಕಾಣಲಿಲ್ಲ.

"ಗದ್ದೆ ಎಲ್ಲಕ್ಕ?"

"ಯಾವ ಗದ್ದೆ?"

"ಅಕ್ಕಿ ಹೊಲ ಅಂದ್ರಲ್ಲ?"

ಶಿವಲಿಂಗಮ್ಮ ಆಕಾಶದ ಕಡೆ ಕೈಯೆತ್ತಿ ಎರಡೂ ಕೈ ಬಡಿದು ತೋರಿಸಿದಳು. "ಅಕ್ಕಿ ಕಣಣ್ಣ! ಪುರ್ ಅಂತ ಓಗ್ತದಲ್ಲ, ಅಕ್ಕಿ!"

ಖಲಂದರ್ ಕೈ ನೋಡಿದ, ಆಕಾಶ ನೋಡಿದ, ಚಕ್ರ ನೋಡಿದ. ಆಮೇಲೆ ಅವನಿಗೆ ನಗು ತಡೆಯಲಾಗದೆ ಟ್ರ್ಯಾಕ್ಟರಿನ ಟೈರು ಹಿಡಿದು ಕೂತುಬಿಟ್ಟ. "ಯಾ ಅಲ್ಲಾ! ಒಂದು 'ಹ' ಇಟ್ಟು ಹೇಳಿದ್ರೆ ನಿಮ್ಮ ಊರಿಗೆ ಏನಕ್ಕ ನಷ್ಟ? ಇಷ್ಟು ಕಬ್ಬಿಣ ಹೊತ್ಕೊಂಡು ಬಂದೆ!"

ಹಕ್ಕಿ ಎಂದು ತಿಳಿದ ಮೇಲೆ ಅವನ ಉತ್ಸಾಹವೇ ಬೇರೆಯಾಯಿತು. ಅವನ ತಾಯಿ ಮಜೀದಾ ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದಳು. ಹಕ್ಕಿಗೆ ಅನ್ನ ಹಾಕುವ ಮನೆಯಲ್ಲಿ ಬೆಳೆದವನು. ವಾಪಸು ಹೋಗಿ ಹಲ್ಲಿನ ಕಲ್ಟಿವೇಟರ್ ಸಿಕ್ಕಿಸಿಕೊಂಡು ಬಂದು, ನೆಲವನ್ನು ಉದ್ದಕ್ಕೊಂದು ಅಡ್ಡಕ್ಕೊಂದು ಸಾಲು ಉತ್ತು ಹಸನು ಮಾಡಿದ. ಬರುವಾಗ ಪಾರಿವಾಳದ ಸಜ್ಜೆಯಲ್ಲೇ ಒಂದು ಚೀಲ ತಂದಿದ್ದ. "ಅಮ್ಮಿ ಕೊಟ್ಳು. ನಿಮ್ಮ ಅಕ್ಕಿಗೆ ಅಂತೆ" ಎಂದು ಶಿವಲಿಂಗಮ್ಮನ ಧಾಟಿಯಲ್ಲೇ ಹೇಳಿ ನಕ್ಕ.

ರೋಹಿಣಿ ಮಳೆ ಹದವಾಗಿ ಬಿತ್ತು. ಶಿವಲಿಂಗಮ್ಮ ಖಲಂದರನ ಸಜ್ಜೆಗೆ ತನ್ನ ಮನೆಯ ಜೋಳ, ನವಣೆ, ಹುರುಳಿ ಬೆರೆಸಿ ಮಡಿಲು ತುಂಬಿಕೊಂಡು ನಿಂತಳು. ಅವಳ ತವರು ಉಯ್ಯಂಬಳ್ಳಿ ಕಡೆ. ಅಲ್ಲಿ ಅವಳ ಅವ್ವ ಮೊದಲ ಹಿಡಿ ಚೆಲ್ಲುವಾಗ ಒಂದು ಮಾತು ಹೇಳುತ್ತಿದ್ದಳು. ಅದನ್ನೇ ಇವಳೂ ಹೇಳಿದಳು:

"ಅಕ್ಕಿಗೊಂದು ಕಾಳು, ಇರುವೆಗೊಂದು ಕಾಳು, ದಾರಿ ಓಗೋರಿಗೊಂದು ಕಾಳು..."

ಮುಂದಿನದು 'ಮಿಕ್ಕಿದ್ದು ಮನೆಗೆ'. ಅಲ್ಲಿಗೆ ಬಂದು ನಾಲಿಗೆ ನಿಂತಿತು. ಈ ಹೊಲದಿಂದ ಮನೆಗೆ ಏನೂ ಬರುವುದಿಲ್ಲವಲ್ಲ! ಹುಟ್ಟಿದಾಗಿನಿಂದ ಮಣ್ಣಿಗೆ ಹಾಕಿದ ಒಂದೊಂದು ಕಾಳಿಗೂ ಲೆಕ್ಕ ಇಟ್ಟುಕೊಂಡು ಬದುಕಿದವಳಿಗೆ ಒಂದು ಕ್ಷಣ ಎದೆ ಹೊಡೆದುಕೊಂಡಿತು. ಆಮೇಲೆ ಮಡಿಲಿಗೆ ಕೈ ಹಾಕಿ, "ಮಿಕ್ಕಿದ್ದೂ ನಿಮ್ಗೇ ಓಗ್ರಪ್ಪ" ಎಂದು ಚೆಲ್ಲಿದಳು. ಬದುವಿನ ಮೇಲೆ ಎತ್ತು ಮೇಯಿಸುತ್ತಿದ್ದ ಕೆಂಪರಾಜುವಿಗೆ ಅದು ಕೇಳಿಸಿತು. ಅವನು ತಲೆ ಆಡಿಸಿ ಎತ್ತಿನ ಕಡೆ ತಿರುಗಿದ.

ಬಿತ್ತಿ ಕೈ ತೊಳೆದು ಬಂದು ನೋಡುತ್ತಾಳೆ, ಹೊಲದ ತುಂಬ ಬೆಳವನ ಹಕ್ಕಿ! ಹೊಂಗೆಮರದಿಂದ ಹಿಂಡುಹಿಂಡಾಗಿ ಇಳಿದು ಗುಟುರ್ ಗುಟುರ್ ಎನ್ನುತ್ತ ಕಾಳು ಹೆಕ್ಕುತ್ತಿವೆ. ಅವು ಬಿಟ್ಟದ್ದನ್ನು ಇರುವೆ ಸಾಲುಗಟ್ಟಿ ಹೊತ್ತವು. ಅವ್ವನ ಮಾತನ್ನು ಹಕ್ಕಿಯೂ ಇರುವೆಯೂ ಅಷ್ಟು ಮನಸ್ಸಿಟ್ಟು ಕೇಳಿಸಿಕೊಳ್ಳುತ್ತವೆ ಎಂದು ಅವಳಿಗೇನು ಗೊತ್ತು? ಮೊಳೆತದ್ದು ಅಲ್ಲೊಂದು ಇಲ್ಲೊಂದು, ಬೋಳುತಲೆಯ ಮೇಲಿನ ಕೂದಲಿನಂತೆ.

ಮತ್ತೆ ಬಿತ್ತಿದಳು. ಈ ಸಲ ಕುಂಟೆ ಎಳೆದು ಕಾಳು ಮಣ್ಣಿನೊಳಕ್ಕೆ ಮುಚ್ಚಿದಳು, ಮೇಲೆ ಮುಳ್ಳುಕೊಂಬೆ ಹರಡಿದಳು. ಹಕ್ಕಿ ಬೆದರಲೆಂದು ನಡುವೆ ಬೆರ್ಚಪ್ಪ ನಿಲ್ಲಿಸಿದಳು. ಅದಕ್ಕೆ ತೊಡಿಸಿದ್ದು ಕೆಂಪರಾಜುವಿನ ಹಳೆಯ ಗೆರೆಗೆರೆ ಅಂಗಿ. ಅದು ಅವಳು ಬೇಕೆಂದೇ ಮಾಡಿದ್ದು. ಅಷ್ಟು ಸಾಲದೆಂದು ತಾನೇ ಕವಣೆ ಹಿಡಿದು ಹೊಂಗೆಮರದ ಕೆಳಗೆ ಕಾವಲು ಕೂತಳು. ಬೆಳವ ಬಂದರೂ ಹೊಡೆದಳು, ಕೌಜುಗ ಬಂದರೂ ಹೊಡೆದಳು, ನವಿಲು ಬಂಡೆಯಿಂದ ಕತ್ತು ಚಾಚಿದರೂ "ಉಶ್ಶ್, ಓಗ್ರೋ!" ಎಂದು ಕಲ್ಲು ಬೀಸಿದಳು.

ಊರಿಗೆ ಇನ್ನೇನು ಬೇಕು? ಹಕ್ಕಿಗೆಂದು ಬಿತ್ತಿ ಹಕ್ಕಿಯನ್ನೇ ಓಡಿಸುವ ಹೆಂಗಸನ್ನು ನೋಡಲು ಕೆಲಸವಿಲ್ಲದವರೆಲ್ಲ ಬದುವಿನ ಮೇಲೆ ಬಂದು ನಿಂತರು.

"ಊಟಕ್ಕೆ ಕರ್ದು ಎಲೆ ಎಳ್ಕಂಡಂಗಾಯ್ತಲ್ಲತ್ಗೆ!" ಎಂದ ಕೆಂಪರಾಜು.

"ಅಡ್ಗೆ ಆಗಾಕೆ ಮುಂಚೆ ಪಂಕ್ತೀಲಿ ಕೂತ್ರೆ ಏನು ಬಡಿಸ್ಲಿ? ಒಸಿ ಬೇಯ್ಲಿ, ಆಮೇಲೆ ನೋಡು" ಎಂದಳು ಶಿವಲಿಂಗಮ್ಮ. "ಅಂಗೂ ನಿನ್ನ ಅಂಗಿ ಕಂಡ್ರೇ ಅರ್ಧ ಅಕ್ಕಿ ಎದ್ದು ಓಗ್ತವೆ. ಮನೇಲೂ ಇಂಗೇ ಇದ್ಯೇನೋ, ಪಾಪ, ನಿನ್ನ ಎಂಡ್ತಿ!"

ನಗು ಈ ಸಲ ಅವನ ಕಡೆಗೆ ತಿರುಗಿತು. ಅವನೂ ನಕ್ಕ. ಆದರೆ ಹೋಗುವಾಗ, "ನಿನ್ನ ಸಜ್ಜೆ ತಡ ಆಯ್ತು ಕಣತ್ಗೆ. ರಾಗೀನೇ ಮುಂದಾದ್ರೆ ನನ್ನ ಅನ್ಬ್ಯಾಡ" ಎಂದು ಹೇಳಿಯೇ ಹೋದ. ಆ ಮಾತು ಮಾತ್ರ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮಳೆ ಕೈಬಿಡಲಿಲ್ಲ. ಆರಿದ್ರೆಯೂ ಬಂತು, ಪುಷ್ಯವೂ ಬಂತು. ದೊಡ್ಡ ಹೊಲದಲ್ಲಿ ರಾಗಿ ಪೈರು ಹಸಿರಾಗುತ್ತಿದ್ದಂತೆ ಬಂಡೆ ಮಗ್ಗುಲಲ್ಲಿ ಸಜ್ಜೆ ಎದೆಮಟ್ಟ ಎದ್ದಿತು, ಜೋಳ ತಲೆಮಟ್ಟ ಎದ್ದಿತು. ಶಿವಲಿಂಗಮ್ಮ ದಿನಾ ಒಂದು ರಾಗಿತೆನೆ, ಒಂದು ಸಜ್ಜೆತೆನೆ ಹಿಡಿದು ಉಗುರಿನಿಂದ ಹಿಸುಕಿ ನೋಡುತ್ತಿದ್ದಳು. ಯಾವುದು ಮುಂದೆ? ಯಾವುದು ಹಿಂದೆ? ಕೊನೆಗೊಂದು ದಿನ ರಾಗಿಯ ಕಾಳು ಉಗುರಿಗೆ ಹಾಲು ಬಿಟ್ಟಿತು. ಸಜ್ಜೆಯ ಕಾಳು ಉಗುರಿಗೆ ಬಗ್ಗಲಿಲ್ಲ. ಸಜ್ಜೆ ಗೆದ್ದಿತ್ತು!

ಅವಳು ಬೆರ್ಚಪ್ಪನನ್ನು ಕಿತ್ತು ಹೆಗಲ ಮೇಲೆ ಹೊತ್ತು ರಾಗಿ ಹೊಲದ ನಡುವೆ ನೆಟ್ಟಳು. ಚೆಲುವಯ್ಯ ಹಳೆಯ ಕಲ್ಲುಬಾನಿಯನ್ನು ಹೊಂಗೆಮರದ ಕೆಳಗೆ ಉರುಳಿಸಿ ತಂದು ನೀರು ತುಂಬಿದ. ಎಲೆ ಹಾಕಿದ್ದಾಯಿತು, ನೀರು ಇಟ್ಟದ್ದಾಯಿತು. ಇನ್ನು ನೆಂಟರು ಬರುವುದೊಂದೇ ಬಾಕಿ.

ನೆಂಟರು ಬರಲಿಲ್ಲ.

ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ತೆನೆ ತೂಗುತ್ತಿದೆ, ಒಂದು ಗುಬ್ಬಿಯೂ ಸುಳಿಯದು. ನವಿಲುಗಳು ಬಂಡೆಯ ಮೇಲಿಂದ ಕತ್ತು ಚಾಚಿ ನೋಡುತ್ತವೆ, ಹಿಂದಕ್ಕೆ ಹೋಗುತ್ತವೆ. ಆಮೇಲೆ ಒಂದು ಬೆಳಿಗ್ಗೆ ಬಳಸುದಾರಿಯಿಂದ ಇಳಿದು ರಾಗಿಯ ದೂರದ ಬದುವಿನ ಮೇಲೇ ಸಾಲಾಗಿ ನಿಂತವು. ಚೆಲುವಯ್ಯ ಕೂಗು ಹಾಕಿ ಅಟ್ಟಿದ. ಅದನ್ನು ಕೆಂಪರಾಜುವೂ ನೋಡಿದ. ಸಂಜೆ ಅವನು ಅಟ್ಟದಿಂದ ಬಲೆ ಇಳಿಸಿ ಕೊಡವಿ ಹಿತ್ತಿಲ ಗೋಡೆಯ ಮೇಲೆ ಹರವಿದ. ಅವನು ತಮಾಷೆ ಮಾಡದೆ ಸುಮ್ಮನಿದ್ದಾನೆಂದರೆ ವಿಷಯ ಕೆಟ್ಟಿದೆ ಎಂದೇ ಅರ್ಥ.

ಶಿವಲಿಂಗಮ್ಮನಿಗೆ ಅಳುವೇ ಬಂತು. ಯಾಕೆ ಬರುವುದಿಲ್ಲ ಎಂದು ಅವಳಿಗೀಗ ಚೆನ್ನಾಗಿ ತಿಳಿದಿತ್ತು. ಮಳೆಗಾಲವೆಲ್ಲ ಕವಣೆ ಬೀಸಿ ಓಡಿಸಿದ ಜಾಗಕ್ಕೆ ಯಾವ ಹಕ್ಕಿ ಧೈರ್ಯವಾಗಿ ಬಂದೀತು? ಬೈದು ಕಳಿಸಿದ ನೆಂಟರು ಅಡುಗೆಯ ವಾಸನೆ ಬಂತೆಂದು ತಾವಾಗಿಯೇ ಬರುವುದುಂಟೇ? ಮತ್ತೆ ಮನೆ ಬಾಗಿಲಿಗೆ ಹೋಗಿ ಕರೆಯಬೇಕು. ಊರಿನ ಮದುವೆಯಲ್ಲೂ ಹಾಗೇ ಅಲ್ಲವೇ? ಮೊದಲು ಎಷ್ಟೇ ಕರೆದಿರಲಿ, ಎಲೆ ಹಾಕುವ ಹೊತ್ತಿಗೆ ಇನ್ನೊಮ್ಮೆ ಮನೆಮನೆಗೂ ಹೋಗಿ 'ಊಟಕ್ಕೆ ಏಳಿ' ಎನ್ನದಿದ್ದರೆ ಯಾರೂ ಚಪ್ಪರದ ಕಡೆ ತಲೆ ಹಾಕುವುದಿಲ್ಲ.

ಆ ಯೋಚನೆ ಬಂದದ್ದೇ ಅವಳು ಎದ್ದಳು. ಇನ್ನೂ ಬೆಳಕಿತ್ತು. ಕುಡುಗೋಲಿನಿಂದ ಒಂದು ಮಂಕರಿ ಸಜ್ಜೆತೆನೆ ಕುಯ್ದು ತುಂಬಿಕೊಂಡು ಬಂಡೆ ಹತ್ತಿದಳು. ನವಿಲು ಕೂರುವ ಜಾಗಕ್ಕೆ ಹೋಗಿ ಅಲ್ಲೊಂದು ತೆನೆ ಇಟ್ಟಳು, ಒಸಿ ಕೆಳಗೆ ಇನ್ನೊಂದು, ಬಂಡೆಯ ಸಂದಿಯಲ್ಲಿ ಮತ್ತೊಂದು. ಹೀಗೆ ಇಡುತ್ತಾ ಇಳಿಯುತ್ತಾ ಹೊಂಗೆಮರದವರೆಗೂ ಬಂದಳು. ಪ್ರತಿ ತೆನೆ ಇಡುವಾಗಲೂ ಬಾಯಿ ಬಿಟ್ಟು ಹೇಳಿದಳು: "ತೆಪ್ಪಾಯ್ತು, ಸಿಟ್ಟು ಮಾಡ್ಕಾಬ್ಯಾಡಿ. ಊಟಕ್ಕೆ ಏಳಿ. ಊಟಕ್ಕೆ ಏಳ್ರಪ್ಪ." ಕವಣೆಯನ್ನು ಬಿಚ್ಚಿ ಅದರ ಹಗ್ಗವನ್ನು ಮಂಕರಿಯ ಕಿವಿಗೆ ಕಟ್ಟಿದಳು. ಇನ್ನು ಅದನ್ನು ಬೀಸುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಬೆಳಗಾಯಿತು. ಕೆಂಪರಾಜು ಬಲೆಯ ಗಂಟು ಹೆಗಲ ಮೇಲಿಟ್ಟುಕೊಂಡು ಹೊರಟ. ಅವಳು ಅವನ ಹಿಂದೆ ಹೋದಳು, ಚೆಲುವಯ್ಯ ಅವಳ ಹಿಂದೆ. ಇವತ್ತು ಆ ಬಲೆ ಬಿಚ್ಚಿಕೊಂಡರೆ ಅವಳ ಮುದ್ದೆ ಮುಗಿದಂತೆ, ಇನ್ನೊಂದು ನವಿಲಿನ ಕತ್ತೂ ಮುಗಿದಂತೆ.

ಬದುವಿನ ಹತ್ತಿರ ಬರುವಷ್ಟರಲ್ಲಿ ಕೆಂಪರಾಜು ನಿಂತ. ಬಂಡೆಯ ನೆತ್ತಿಯ ಮೇಲೆ ಹಿಂಡಿಗೆ ಹಿಂಡೇ ಎದ್ದಿತ್ತು. ಮುಂದೆ ಒಂದು ಹೆಣ್ಣು ನವಿಲು. ಅದು ಮೊದಲ ತೆನೆ ಕುಕ್ಕಿತು. ಕತ್ತೆತ್ತಿ ಸುತ್ತ ನೋಡಿತು. ಎರಡನೆಯ ತೆನೆಗೆ ಇಳಿಯಿತು. ಅಲ್ಲಿಂದ ಬಂಡೆ ಎರಡಾಗಿ ಸೀಳುತ್ತದೆ; ಒಂದು ಸಂದು ರಾಗಿಯ ಕಡೆ, ಒಂದು ಸಂದು ಹೊಂಗೆಯ ಕಡೆ. ನವಿಲು ಆ ಕವಲಿನಲ್ಲಿ ನಿಂತು ರಾಗಿಯತ್ತ ತಿರುಗಿತು. ಕೆಂಪರಾಜು ಬಗ್ಗಿ ಕಲ್ಲೆತ್ತಿಕೊಂಡ.

ಶಿವಲಿಂಗಮ್ಮ ಅವನ ಮಣಿಕಟ್ಟು ಹಿಡಿದಳು. "ಒಸಿ ತಡಿ ಕೆಂಪ್ರಾಜ. ದಮ್ಮಯ್ಯ, ಒಸಿ ತಡಿ."

ರಾಗಿಯ ನಡುವೆ ಗಾಳಿಗೆ ಗೆರೆಗೆರೆ ಅಂಗಿ ಪಟಪಟ ಎಂದಿತು. ನವಿಲು ಅದನ್ನು ನೋಡಿತು. ಮಳೆಗಾಲವೆಲ್ಲ ನೋಡಿ ನೋಡಿ ಹೆದರಿದ ಅಂಗಿ! ಕತ್ತು ತಿರುಗಿಸಿ ಸರಸರನೆ ಹೊಂಗೆಯ ಕಡೆಗೆ ಇಳಿಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮರಿಗಳು ಉರುಳಿಕೊಂಡಂತೆ ಇಳಿದವು. ಉದ್ದ ಗರಿಯ ಗಂಡು ಸಾವಕಾಶವಾಗಿ ಬೀಗರ ಗತ್ತಿನಲ್ಲಿ ಬಂತು. ಅವು ಸಜ್ಜೆಗೆ ಬಾಯಿ ಹಾಕಿದ್ದೇ ತಡ, ಹೊಂಗೆಮರದಿಂದ ಬೆಳವ ಇಳಿದವು, ಎಲ್ಲಿದ್ದವೋ ಗಿಳಿಗಳು ಕಿರುಚಿಕೊಂಡು ಬಂದು ಜೋಳದ ತೆನೆಗೆ ತೂಗುಬಿದ್ದವು, ಹುರುಳಿ ಬಳ್ಳಿಯ ಕೆಳಗಿಂದ ಕೌಜುಗ ಕೂಗಿತು. ಬಾನಿಯ ಅಂಚಿನ ಮೇಲೆ ಜಾಗಕ್ಕಾಗಿ ಜಗಳವೇ ಆಯಿತು. ಇತ್ತ ರಾಗಿಯಲ್ಲಿ ಒಂದು ತೆನೆಯೂ ಅಲುಗಲಿಲ್ಲ.

ಶಿವಲಿಂಗಮ್ಮನಿಗೆ ಕುಣಿಯಬೇಕೆನಿಸಿತು. ಕುಣಿದರೆ ಹಕ್ಕಿ ಎದ್ದಾವೆಂದು ಸೆರಗು ಬಾಯಿಗೆ ತುಂಬಿಕೊಂಡು ನಿಂತಲ್ಲೇ ನಕ್ಕಳು, ಅತ್ತಳು. ಗೆದ್ದೆ ಎನ್ನುವ ಸುಖ ಇಷ್ಟು ದೊಡ್ಡದೆಂದು ಅವಳಿಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಚೆಲುವಯ್ಯ ಎಲೆಅಡಿಕೆ ಉಗಿದು, "ಬಂದ್ವು ಕಣಮ್ಮಿ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಕೆಂಪರಾಜು ಕೈಯಲ್ಲಿದ್ದ ಕಲ್ಲನ್ನು ಸದ್ದಾಗದಂತೆ ಬದುವಿನ ಮೇಲಿಟ್ಟ. "ಎದ್ರುಸ್ದೋನು ನಾನು. ನನ್ನ ಅಂಗಿ ಕಣತ್ಗೆ ಗೆದ್ದಿದ್ದು" ಎಂದ.

ಆ ಬಲೆ ಮತ್ತೆ ಹೊಲದಲ್ಲಿ ಬಿಚ್ಚಲಿಲ್ಲ. ಅವನೇ ಅದನ್ನು ತುಂಡು ಮಾಡಿ ಹುಲ್ಲು ಹೊರುವುದಕ್ಕೆ ಚೀಲ ಕಟ್ಟಿಕೊಂಡ. ಸಜ್ಜೆ ಮುಗಿಯುವ ಹೊತ್ತಿಗೆ ಜೋಳ ಬಲಿಯಿತು, ಜೋಳ ಮುಗಿಯುವ ಹೊತ್ತಿಗೆ ರಾಗಿ ಕೊಯ್ದು ಮೆದೆ ಹಾಕಿಯಾಗಿತ್ತು. ಖಲಂದರನ ತಾಯಿ ಮಜೀದಾ ಒಂದು ಬೆಳಿಗ್ಗೆ ಮಗನ ಟ್ರ್ಯಾಕ್ಟರಿನಲ್ಲೇ ಕೂತು ಬಂದು, ತನ್ನ ಸಜ್ಜೆ ತಿಂದ ನವಿಲುಗಳನ್ನು ಕಣ್ಣುತುಂಬ ನೋಡಿ ಹೋದಳು.

ಕಣದಲ್ಲಿ ರಾಗಿ ಒಕ್ಕಿ ರಾಶಿ ಮಾಡಿದ ದಿನ ಕೆಂಪರಾಜುವಿನ ಭಾಮೈದ ನಟರಾಜು ತಿಪ್ಪಸಂದ್ರದಿಂದ ಕೈಸಾಯಕ್ಕೆ ಬಂದಿದ್ದ. ಹಿಂದಿನ ವರ್ಷ ಸೊಂಟದ ಮಟ್ಟ ಇದ್ದ ರಾಶಿ ಈ ಸಲ ಎದೆಯ ಮಟ್ಟ ನಿಂತಿತ್ತು. ಪೂಜೆಯಾಯಿತು. ಮೊದಲ ಮೊರ ತುಂಬಬೇಕಾದ ಯಜಮಾನ ಚೆಲುವಯ್ಯ ಮೊರವನ್ನು ತಮ್ಮನ ಕೈಗೆ ಕೊಟ್ಟ. ಕೆಂಪರಾಜು ಮೊರದ ತುಂಬ ರಾಗಿ ಎತ್ತಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ದೊಡ್ಡ ದನಿಯಲ್ಲಿ ಶುರುಮಾಡಿದ:

"ಅಕ್ಕಿಗೊಂದು ಕಾಳು, ಇರುವೆಗೊಂದು ಕಾಳು, ದಾರಿ ಓಗೋರಿಗೊಂದು ಕಾಳು..."

ಅಲ್ಲಿಗೆ ನಿಲ್ಲಿಸಿ ಅತ್ತಿಗೆಯ ಮುಖ ನೋಡಿದ. ಶಿವಲಿಂಗಮ್ಮನ ಕಣ್ಣು ತುಂಬಿ ಬಂತು. ಬಂಡೆ ಮಗ್ಗುಲಲ್ಲಿ ಅವಳು ನುಂಗಿಕೊಂಡಿದ್ದ ಮಾತು ಈಗ ತಾನಾಗಿ ಹೊರಗೆ ಬಂತು.

"ಮಿಕ್ಕಿದ್ದು ಮನೆಗೆ" ಎಂದಳು.

ನಟರಾಜುವಿಗೆ ಒಂದೂ ಅರ್ಥವಾಗಲಿಲ್ಲ. "ಅಕ್ಕಿಗ್ಯಾಕೆ ಬಾವ ರಾಗಿ? ಅನ್ನದ ಜೊತೆ ಬೆರ್ಸಿ ಉಣ್ತೀರಾ?"

ಕೆಂಪರಾಜುವಿಗೆ ರೇಗಿಹೋಯಿತು. ಮೊರವನ್ನು ರಾಶಿಯ ಮೇಲಿಟ್ಟು, ಎರಡೂ ಕೈ ಆಕಾಶದ ಕಡೆ ಎತ್ತಿ ಪಟಪಟ ಬಡಿದು ಕೂಗಿದ:

"ತಿನ್ನೋ ಅಕ್ಕಿ ಅಲ್ಲ ಕಣ್ಲಾ, ಆರೋ ಅಕ್ಕಿ! ನಮ್ಮತ್ಗೆ ಅಕ್ಕಿ!"